ಹತ್ತಿಯ ದರದಿಂದ ಮೊಬೈಲಿನವರೆಗೆ: ಜೂಜಿನ ಕಾನೂನು ನಮ್ಮ ಸೀಮೆಗೆ ಬಂದ ದಾರಿ

ವಿಜಯಪುರ ಜಿಲ್ಲೆಯ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ಆಗಾಗ ಬರುತ್ತದೆ. ಒಮ್ಮೆ ಇಂಡಿ, ಒಮ್ಮೆ ಸಿಂದಗಿ, ಮತ್ತೊಮ್ಮೆ ಮುದ್ದೇಬಿಹಾಳ ಇಲ್ಲವೇ ಬಸವನಬಾಗೇವಾಡಿ. ಊರು ಬದಲಾದರೂ ಒಕ್ಕಣೆ ಬದಲಾಗುವುದಿಲ್ಲ. ಖಚಿತ ಮಾಹಿತಿ ಮೇರೆಗೆ ಪೊಲೀಸರು ದಾಳಿ ನಡೆಸಿದರು, ಸಾರ್ವಜನಿಕ ಸ್ಥಳದಲ್ಲಿ ದುಂಡಗೆ ಕುಳಿತು ಅಂದರ್-ಬಾಹರ್ ಆಡುತ್ತಿದ್ದವರನ್ನು ಹಿಡಿದರು, 52 ಇಸ್ಪೀಟ್ ಎಲೆ ಮತ್ತು ನಗದು ವಶಕ್ಕೆ ಪಡೆದರು. ಮಟಕಾ ಪ್ರಕರಣವಾದರೆ ಜಪ್ತಿಯ ಪಟ್ಟಿ ಇನ್ನೂ ಚಿಕ್ಕದು: ಒಂದು ಮಟಕಾ ಚೀಟಿ, ಒಂದು ಬಾಲ್‌ಪೆನ್ನು, ಜೇಬಿನಲ್ಲಿದ್ದ ಕೆಲವು ನೂರು ರೂಪಾಯಿ. ಆರೋಪಿ ‘ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುತ್ತೇನೆ’ ಎಂದು ಜನರನ್ನು ಕೂಗಿ ಕರೆಯುತ್ತಿದ್ದ ಎಂದು ಫಿರ್ಯಾದಿಯಲ್ಲಿ ಬರೆದಿರುತ್ತದೆ. ಬಸ್ ನಿಲ್ದಾಣದ ಎದುರು ನಿಂತು ಯಾವ ಬುಕ್ಕಿಯೂ ಹಾಗೆ ಕೂಗಲಾರ. ಆದರೂ ಕಾಗದದ ಮೇಲೆ ಆ ಮಾತು ತಪ್ಪದೇ ಇರುತ್ತದೆ, ಏಕೆಂದರೆ ಕಲಂಗೆ ಅದು ಬೇಕು.

ಎಂಬತ್ತು ಎಂಬ ಅಂಕಿಯಲ್ಲೇ ಇಡೀ ವ್ಯವಹಾರದ ಗುಟ್ಟಿದೆ. ಮಟಕಾದಲ್ಲಿ ಮೂರು ಎಲೆ ಎತ್ತುತ್ತಾರೆ. 3, 6, 8 ಬಂದರೆ ಮೊತ್ತ 17, ಅದರ ಕೊನೆಯ ಅಂಕಿ 7 ‘ಓಪನ್’. ಹೊತ್ತು ಕಳೆದ ಮೇಲೆ ಮತ್ತೆ ಮೂರು ಎತ್ತುತ್ತಾರೆ. 1, 4, 9 ಬಂದರೆ ಮೊತ್ತ 14, ಅಂದರೆ 4 ‘ಕ್ಲೋಸ್’. ಎರಡೂ ಕೂಡಿ 74 ‘ಜೋಡಿ’. 00ಯಿಂದ 99ರ ತನಕ ನೂರು ಜೋಡಿಗಳಿವೆ, ಗೆಲ್ಲುವುದು ಒಂದೇ. ನೂರು ಜೋಡಿಗೂ ಒಂದೊಂದು ರೂಪಾಯಿ ಬಿದ್ದರೆ ಬುಕ್ಕಿಯ ಕೈಗೆ ನೂರು ಬರುತ್ತದೆ, ಗೆದ್ದವನಿಗೆ ಹೋಗುವುದು ಎಂಬತ್ತು. ಯಾರು ಗೆದ್ದರೂ ಅವನಿಗೆ ಇಪ್ಪತ್ತು ಉಳಿಯಿತು. ಆಡುವವನು ಕನಸಿನಲ್ಲಿ ಕಂಡ ಹಾವಿಗೆ ಯಾವ ಅಂಕಿ, ಸತ್ತವನ ವಯಸ್ಸಿಗೆ ಯಾವ ಅಂಕಿ ಎಂದು ಲೆಕ್ಕ ಹಾಕುತ್ತ ಕೂತಿರುತ್ತಾನೆ. ಬುಕ್ಕಿಗೆ ಯಾವ ಕನಸೂ ಬೇಕಿಲ್ಲ.

ಈ ಅಂಕಿಯಾಟ ಮುಂಬೈಯಲ್ಲಿ ಶುರುವಾದದ್ದು ಹತ್ತಿಯಿಂದ. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದ ಆರಂಭದ ದರ, ಮುಕ್ತಾಯದ ದರ ತಂತಿಯ ಮೂಲಕ ಮುಂಬೈಗೆ ಬರುತ್ತಿತ್ತು. ಆ ದರದ ಅಂಕಿಗಳ ಮೇಲೆ ಜನ ಹಣ ಕಟ್ಟುತ್ತಿದ್ದರು. 1961ರಲ್ಲಿ ಅದು ನಿಂತಿತು. ದರ ಬರದಿದ್ದರೇನು, ಅಂಕಿಯನ್ನು ನಾವೇ ಹುಟ್ಟಿಸೋಣ ಎಂದು ಕಲ್ಯಾಣ್‌ಜಿ ಭಗತ್ 1962ರಲ್ಲಿ, ರತನ್ ಖತ್ರಿ 1964ರಲ್ಲಿ ತಮ್ಮ ತಮ್ಮ ಮಟಕಾ ಶುರು ಮಾಡಿದರು. ಮಡಕೆಯಿಂದ ಚೀಟಿ ಎತ್ತುವುದು ಹೋಗಿ ಇಸ್ಪೀಟ್ ಎಲೆ ಬಂತು. ಆದರೆ ‘ಓಪನ್’, ‘ಕ್ಲೋಸ್’ ಎಂಬ ಪೇಟೆಯ ಮಾತು ಹಾಗೇ ಉಳಿಯಿತು. ಬೆಂಗಳೂರು, ಮೈಸೂರು ಕಡೆ ಇದನ್ನೇ ‘ಓಸಿ’ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಮಟಕಾ ಎಂದರೇ ತಿಳಿಯುವುದು, ‘ಕಲ್ಯಾಣಿ’ ಎಂದರಂತೂ ಬೇರೆ ವಿವರಣೆ ಬೇಡ.

ಈ ಹತ್ತಿಯ ನೆನಪು ನಮ್ಮ ಕಾಯ್ದೆಯ ಪುಸ್ತಕದಲ್ಲೂ ಇದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 78ನೇ ಕಲಂ ಯಾವ ಯಾವುದರ ಮೇಲೆ ಜೂಜಾಡಿಸಬಾರದು ಎಂದು ಪಟ್ಟಿ ಕೊಡುತ್ತದೆ. ಕುದುರೆ ಓಟ, ಹತ್ತಿ ಮತ್ತು ಚಿನ್ನ-ಬೆಳ್ಳಿಯ ಪೇಟೆ ದರ, ಆ ದರವನ್ನು ಬರೆಯುವ ಸಂಖ್ಯೆಯ ಅಂಕಿಗಳು, ಷೇರಿನ ದರ, ಕೊನೆಗೆ ರಸ್ತೆಯಲ್ಲಿ ಓಡಾಡುವ ಮೋಟಾರು ವಾಹನದ ನೋಂದಣಿ ಸಂಖ್ಯೆಯ ಅಂಕಿ ಕೂಡ ಆ ಪಟ್ಟಿಯಲ್ಲಿದೆ. ಮುಂದಿನ ಕಾರಿನ ನಂಬರು ಸಮವೋ ಬೆಸವೋ ಎಂದು ಯಾರೋ ಎಲ್ಲೋ ಪಣ ಕಟ್ಟಿದ್ದರು, ಅದನ್ನು ಹಿಡಿಯಲು ಒಂದು ಸಾಲು ಸೇರಿತು. ಪಟ್ಟಿ ಓದುತ್ತ ಹೋದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಜೂಜುಕೋರ ಮುಂದೆ, ಕಾನೂನು ಅವನ ಹಿಂದೆ. ಮತ್ತು ಆ ಕಾನೂನು ಓಡಿದ್ದು ಬಹುಪಾಲು ಶಹರದ ಜೂಜಿನ ಹಿಂದೆ. ಹತ್ತಿ ಬೆಳೆಯುವ ನಮ್ಮ ಎರೆ ಹೊಲದ ರೈತ ಅದರಲ್ಲಿ ಎಲ್ಲೂ ಇಲ್ಲ.

ಹಿಂದಕ್ಕೆ ಹೋಗೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ತಾಲ್ಲೂಕು ಬೊಂಬಾಯಿ ಪ್ರಾಂತ್ಯದಲ್ಲಿದ್ದವು. 1885ರ ಸುಮಾರಿಗೆ ಜಿಲ್ಲೆಯ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ ಬಂತು. ಎರಡು ವರ್ಷಕ್ಕೆ, 1887ರಲ್ಲಿ, ಬೊಂಬಾಯಿ ಜೂಜು ಪ್ರತಿಬಂಧಕ ಕಾಯ್ದೆ ಬಂತು. ಜೂಜಿನ ಮನೆ ನಡೆಸುವವನಿಗೊಂದು ಶಿಕ್ಷೆ, ಅದರೊಳಗೆ ಸಿಕ್ಕವನಿಗೊಂದು ಶಿಕ್ಷೆ. ಬೀದಿಯಲ್ಲಿ ಆಡುವವನನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರ ಪೊಲೀಸರಿಗೆ. ಬೀದಿಯಲ್ಲಿ ಪಶುಪಕ್ಷಿಗಳನ್ನು ಕಾದಾಡಿಸುವವನೂ ಅದೇ ಸಾಲಿನಲ್ಲಿ ಬಂದ. ಟಗರಿನ ಕಾಳಗ ಇಲ್ಲದ ಜಾತ್ರೆಯೇ ಇಲ್ಲ ಎಂದುಕೊಂಡಿದ್ದ ಸೀಮೆಗೆ ಇದು ಹೊಸ ಸುದ್ದಿ.

ಕಾಯ್ದೆ ಬಂದು ಸುಮಾರು ಎರಡು ವರ್ಷಕ್ಕೆ ಮುಂಬೈಯ ಮಳೆ ಅದನ್ನು ಸೋಲಿಸಿತು. ಅಲ್ಲಿಯ ವ್ಯಾಪಾರಿಗಳು ಮಳೆಯ ಮೇಲೆ ಹಣ ಕಟ್ಟುತ್ತಿದ್ದರು, ಇಂತಿಷ್ಟು ಹೊತ್ತಿನೊಳಗೆ ಮಳೆ ಬಿದ್ದೀತೋ ಇಲ್ಲವೋ ಎಂದು. 1889ರಲ್ಲಿ ಪ್ರಕರಣ ಬೊಂಬಾಯಿ ಹೈಕೋರ್ಟಿಗೆ ಹೋದಾಗ, ಮಳೆ ಬೀಳುವುದು ಆಟವಲ್ಲ, ಹಾಗಾಗಿ ಇದು ಈ ಕಾಯ್ದೆಯ ಜೂಜಲ್ಲ ಎಂದಾಯಿತು. ಮರುವರ್ಷವೇ ಕಾಯ್ದೆ ತಿದ್ದಿ ಬಾಜಿ ಕಟ್ಟುವುದನ್ನೂ ಜೂಜಿನೊಳಗೆ ಸೇರಿಸಿದರು. ಜುಲೈ ಕಳೆದರೂ ಮುಗಿಲು ನೋಡುತ್ತ ಕೂರುವ ಇಂಡಿ, ಸಿಂದಗಿ ರೈತನಿಗೆ ಮಳೆಯ ಜೂಜು ಎಂದರೆ ಬಿತ್ತನೆಯೇ. ಅದಕ್ಕೆ ಯಾವ ತಿದ್ದುಪಡಿಯೂ ತಗುಲಲಿಲ್ಲ.

ಭೀಮೆಯ ಆಚೆ ದಂಡೆಯ ಅಫಜಲಪುರ ನಿಜಾಮನ ಸೀಮೆ. ಅಲ್ಲಿ ನಡೆಯುತ್ತಿದ್ದುದು 1305ನೇ ಫಸಲಿ ವರ್ಷದ ಹೈದರಾಬಾದ್ ಜೂಜು ಕಾಯ್ದೆ. ಆಗಿನ ಸಿಂದಗಿ ತಾಲ್ಲೂಕಿನ ದೇವಣಗಾಂವದಿಂದ ಹೊಳೆ ದಾಟಿದರೆ ಕಾನೂನು ಬೇರೆ. ಪೊಲೀಸರು ಬಂದರೆಂದು ಹೊಳೆಗೆ ಹಾರಿದವನು ಈಜಿ ಆಚೆ ಸೇರಿದರೆ ಬೊಂಬಾಯಿ ಸರ್ಕಾರದ ಕೈಗೆ ಸಿಗುತ್ತಿರಲಿಲ್ಲ. ಹೈದರಾಬಾದಿನ ಆ ಕಾಯ್ದೆಯನ್ನು ನೆನಪಿಡಿ, ಮುಂದೆ ಇಡೀ ದೇಶದ ರಮ್ಮಿ ಆಟಗಾರರಿಗೆ ಅದೇ ಉಪಕಾರ ಮಾಡಿತು.

ನಮ್ಮ ನೆಲದ್ದೇ ಕಾನೂನು ಏನು ಹೇಳುತ್ತಿತ್ತು? ಇಂಡಿ ಸೀಮೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ತರ್ದವಾಡಿ ಸಾವಿರವೆಂಬ ನಾಡಾಗಿತ್ತು. ಭೀಮೆಯ ದಂಡೆಯ ತದ್ದೇವಾಡಿಗೆ ಇಂದಿಗೂ ಅದೇ ಹೆಸರು. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ತಕರಾರಿನಲ್ಲಿ ಈಗಲೂ ಆ ಹೆಸರು ಕೋರ್ಟಿನಲ್ಲಿ ಕೇಳಿಬರುತ್ತದೆ. ಅದೇ ಸ್ಮೃತಿಯಲ್ಲಿ ಜೂಜಿಗೆಂದೇ ಒಂದು ಪ್ರಕರಣವಿದೆ. ಜೂಜಿನ ಕಟ್ಟೆ ನಡೆಸುವವನಿಗೆ ‘ಸಭಿಕ’ ಎಂದು ಹೆಸರು. ನೂರು ಮತ್ತು ಅದಕ್ಕೂ ಮೇಲಿನ ಪಣಕ್ಕೆ ಅವನಿಗೆ ನೂರಕ್ಕೆ ಐದು, ಅದಕ್ಕಿಂತ ಕಡಿಮೆಗೆ ನೂರಕ್ಕೆ ಹತ್ತು. ಅದರಲ್ಲಿ ರಾಜನ ಪಾಲು ಕಟ್ಟಬೇಕು, ಗೆದ್ದವನಿಗೆ ಗೆದ್ದ ಹಣ ಕೊಡಿಸಬೇಕು. ಜೂಜು ಒಂದೇ ಕಡೆ ನಡೆಯಲಿ ಎಂದು ಸ್ಮೃತಿ ಹೇಳುವುದಕ್ಕೆ ಕಾರಣವೂ ಇದೆ: ಕಳ್ಳರ ಗುರುತು ಹತ್ತುತ್ತದೆ. ಕೌಟಿಲ್ಯನೂ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನಿಟ್ಟು ಗೆಲುವಿನಲ್ಲಿ ನೂರಕ್ಕೆ ಐದು ವಸೂಲಿ ಮಾಡು ಎಂದ, ಬೇರೆ ಕಡೆ ಆಡಿದವನಿಗೆ ಹನ್ನೆರಡು ಪಣ ದಂಡ ಹಾಕಿದ. ಮನು ಮಾತ್ರ ಜೂಜೇ ಬೇಡ ಎಂದ. ನೋಡಿದರೆ ಇಂದಿನ ಮಟಕಾ ಬುಕ್ಕಿ ಉಳಿಸಿಕೊಳ್ಳುವುದು ನೂರಕ್ಕೆ ಇಪ್ಪತ್ತು. ವಿಜ್ಞಾನೇಶ್ವರನ ಕಾಲದ ಸಭಿಕ ಇವನ ಮುಂದೆ ಸಾಧು ಮನುಷ್ಯ. ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕೋಳಿ, ಟಗರುಗಳ ಕಾಳಗಕ್ಕೆ ಅರಸನ ವಿನೋದಗಳ ಸಾಲಿನಲ್ಲೇ ಜಾಗವಿದೆ.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ದೊಡ್ಡ ಜಗಳ ಎಲೆಯದಲ್ಲ, ಪದಬಂಧದ್ದು. ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅವರ ಪದಬಂಧದ ಬಹುಮಾನ ಸ್ಪರ್ಧೆ. ಪತ್ರಿಕೆ ಮೈಸೂರು ರಾಜ್ಯದ್ದು, ಪ್ರವೇಶ ಶುಲ್ಕ ಬೊಂಬಾಯಿ ರಾಜ್ಯದಿಂದಲೂ ಹರಿದು ಬರುತ್ತಿತ್ತು. 1952ರಲ್ಲಿ ಬೊಂಬಾಯಿ ಸರ್ಕಾರ ತನ್ನ ಲಾಟರಿ ಮತ್ತು ಬಹುಮಾನ ಸ್ಪರ್ಧೆ ಕಾಯ್ದೆಯನ್ನು ತಿದ್ದಿ ಹೊರರಾಜ್ಯದಲ್ಲಿ ಅಚ್ಚಾದ ಪತ್ರಿಕೆಗೂ ತೆರಿಗೆ ಹಾಕಿತು. ಆಗ ವಿಜಾಪುರ, ಧಾರವಾಡ, ಬೆಳಗಾವಿ ಎಲ್ಲವೂ ಬೊಂಬಾಯಿಯಲ್ಲೇ ಇದ್ದವು. ನಮ್ಮವರಿಗೆ ಬೆಂಗಳೂರಿನ ಪತ್ರಿಕೆ ಕಾನೂನಿನ ಪ್ರಕಾರ ಹೊರರಾಜ್ಯದ ಪತ್ರಿಕೆ. ಸುಪ್ರೀಂ ಕೋರ್ಟ್ 1957ರ ಏಪ್ರಿಲ್ 9ರಂದು ತೀರ್ಪು ಕೊಡುವ ಹೊತ್ತಿಗೆ ಏಕೀಕರಣವಾಗಿ ಐದು ತಿಂಗಳು ಕಳೆದಿತ್ತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಋಗ್ವೇದದ ಜೂಜುಕೋರನ ಸೂಕ್ತದಿಂದ ಹಿಡಿದು ಮಹಾಭಾರತ, ಮನು, ಯಾಜ್ಞವಲ್ಕ್ಯ ಎಲ್ಲರನ್ನೂ ಕರೆತಂದು, ಜೂಜು ವ್ಯಾಪಾರವೇ ಅಲ್ಲ, ಸಂವಿಧಾನದ ವ್ಯಾಪಾರ ಸ್ವಾತಂತ್ರ್ಯ ಅದಕ್ಕೆ ಸಲ್ಲದು ಎಂದರು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ ಕೌಶಲದ ಸ್ಪರ್ಧೆಗೆ ಆ ರಕ್ಷಣೆ ಉಂಟು ಎಂದಾಯಿತು. ಅದೃಷ್ಟದ ಆಟ ಒಂದು ಕಡೆ, ಕೌಶಲದ ಆಟ ಇನ್ನೊಂದು ಕಡೆ ಎಂಬ ಬೇಲಿ ಬಿದ್ದದ್ದು ಅಂದು. ಆಮೇಲಿನ ಎಲ್ಲ ಜಗಳವೂ ಆ ಬೇಲಿಯದ್ದೇ.

ಹೊಸ ಮೈಸೂರು ರಾಜ್ಯ ಐದು ಸೀಮೆಯ ಪೊಲೀಸ್ ಕಾನೂನುಗಳನ್ನು ಒಟ್ಟುಗೂಡಿಸಿ 1963ರ ಕಾಯ್ದೆ ಮಾಡಿತು. ಏಳನೆಯ ಅಧ್ಯಾಯ ಜೂಜಿನದು. ಮಟಕಾಕ್ಕೆ 78ರ 3ನೇ ಉಪಕಲಂ, ಜೂಜಿನ ಮನೆಗೆ 79 ಮತ್ತು 80, ಬೀದಿಯಲ್ಲಿ ಆಡಿದವನಿಗೆ 87. ನಮ್ಮ ಪೇಪರಿನಲ್ಲಿ ಬರುವ ಇಸ್ಪೀಟ್ ಸುದ್ದಿಯೆಲ್ಲ ಹೆಚ್ಚುಕಡಿಮೆ ಈ 87ನೇ ಕಲಮಿನದು.

ಅತ್ತ ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ರಮ್ಮಿ ಆಡುತ್ತಿದ್ದವರ ಮೇಲೆ ಆ ಹಳೇ ಹೈದರಾಬಾದ್ ಕಾಯ್ದೆಯಡಿ ಹಾಕಿದ ಕೇಸು ಸುಪ್ರೀಂ ಕೋರ್ಟ್ ಮುಟ್ಟಿತು. ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದು 1967ರ ನವೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಮೂರೆಲೆ ಆಟ ಮಾತ್ರ ಶುದ್ಧ ಅದೃಷ್ಟದ್ದು ಎಂದಿತು. ನ್ಯಾಯದ ದೃಷ್ಟಿಯಿಂದ ಸರಿಯಾದ ಮಾತೇ. ಆದರೆ ಊರಲ್ಲಿ ಅದರ ಫಲ ಏನಾಯಿತು? ಫ್ಯಾನಿನ ಕೆಳಗೆ ಕ್ಲಬ್ಬಿನಲ್ಲಿ ಕೂತು ರಮ್ಮಿ ಆಡುವವರು ಸದಸ್ಯರು. ಬನ್ನಿ ಗಿಡದ ಕೆಳಗೆ ಟವೆಲ್ ಹಾಸಿ ಅಂದರ್-ಬಾಹರ್ ಆಡುವವರು ಆರೋಪಿಗಳು. ಕಳೆಯುವ ಹಣ ಮೊದಲಿನವರದೇ ಹೆಚ್ಚು.

ಈ ಕೌಶಲದ ಮಾತು ನಮ್ಮ ಕಡೆಯ ಪಂಚಮಿಗೆ ತಗುಲುವ ರೀತಿ ಸ್ವಾರಸ್ಯದ್ದು. ನಾಗರಪಂಚಮಿ ಬಂತೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಣ. ತುಂಬಿದ ಜೋಳದ ಚೀಲ ಹೊರುವುದು, ಗುಂಡು ಎತ್ತುವುದು, ಎಲ್ಲಕ್ಕಿಂತ ಮಿಗಿಲಾಗಿ ನಿಂಬೆಹಣ್ಣು ಒಗೆಯುವುದು. ಇಂತಿಷ್ಟು ಎಸೆತದಲ್ಲಿ ಈ ಗುಡಿಯಿಂದ ಆ ಊರಿನ ಅಗಸಿ ಮುಟ್ಟಬೇಕು. ಹಣ್ಣು ಎಲ್ಲಿ ಬಿತ್ತೋ ಅಲ್ಲಿಂದ ಮುಂದಿನ ಎಸೆತ. ಹಿಂದೆ ಹುಡುಗರ ದಂಡು. ಇಂಡಿಯಂಥ ನಿಂಬೆಯ ಸೀಮೆಯಲ್ಲಿ ಹಣ್ಣಿಗೇನು ಬರವಿಲ್ಲ, ತೋಳಿನಲ್ಲಿ ಕಸುವಿರಬೇಕು. ಇದು ಜೂಜೋ? ಕಾಯ್ದೆಯ 176ನೇ ಕಲಂ ಉತ್ತರ ಕೊಡುತ್ತದೆ: ಶುದ್ಧ ಕೌಶಲದ ಆಟಕ್ಕೂ, ಅದರಲ್ಲಿ ಭಾಗವಹಿಸುವವರು ಕಟ್ಟುವ ಪಣಕ್ಕೂ 79 ಮತ್ತು 80ನೇ ಕಲಂ ಅನ್ವಯಿಸುವುದಿಲ್ಲ. ಅಂದರೆ ಒಗೆಯುವವನು ತನ್ನ ತೋಳನ್ನು ನಂಬಿ ಸಾವಿರ ಕಟ್ಟಿದರೆ ಈ ಕಲಂ ಅವನ ಬೆನ್ನಿಗಿದೆ. ಪಕ್ಕದಲ್ಲಿ ನಿಂತು ‘ಅಂವಾ ಮುಟ್ಟಸೂದಿಲ್ಲ ತಗೋ’ ಎಂದು ಐನೂರು ಕಟ್ಟಿದವನಿಗೆ ಇಲ್ಲ. ಹಬ್ಬದ ಗದ್ದಲದಲ್ಲಿ ಇವನ್ಯಾರು ಅವನ್ಯಾರು ಎಂದು ಬಿಡಿಸಲು ಯಾವ ಹವಾಲ್ದಾರನಿಗೂ ಆಗದು.

ಇನ್ನು ಕೇಸುಗಳು ಕೊನೆಗೆ ಎಲ್ಲಿಗೆ ಮುಟ್ಟುತ್ತವೆ ಎಂಬ ಮಾತು. 87ನೇ ಕಲಮಿನದು ಅಸಂಜ್ಞೇಯ ಅಪರಾಧ. ಪೊಲೀಸರು ತಾವಾಗಿ ತನಿಖೆ ಮಾಡುವಂತಿಲ್ಲ, ಮೊದಲು ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 155(2), 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 174. ಠಾಣೆಯಿಂದ ಒಂದು ಅರ್ಜಿ ಹೋಗುತ್ತಿತ್ತು, ಅದರ ಅಂಚಿನಲ್ಲೇ ‘ಅನುಮತಿಸಲಾಗಿದೆ’ ಎಂದು ಬರೆದು ಸಹಿ ಹಾಕಿ ಕಳಿಸುವ ರೂಢಿ ಇತ್ತು. 2019ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಇದು ಸಾಲದು ಎಂದು ಕಟ್ಟುನಿಟ್ಟು ಮಾಡಿತು. ಅರ್ಜಿ ಅಂಚೆಯಲ್ಲಿ ಬಂತೋ ಮುದ್ದಾಂ ಬಂತೋ ನಮೂದಿಸಬೇಕು, ಬೇರೆ ಆದೇಶ ಹಾಳೆ ಇಡಬೇಕು, ತನಿಖೆಗೆ ಯೋಗ್ಯ ಪ್ರಕರಣವೇ ಎಂದು ಮನಸ್ಸಿಟ್ಟು ನೋಡಬೇಕು, ಯಾವ ದರ್ಜೆಯ ಅಧಿಕಾರಿ ತನಿಖೆ ಮಾಡಬೇಕೆಂದು ಹೇಳಬೇಕು. ಆಮೇಲೆ ಹೈಕೋರ್ಟಿನ ಪೀಠಗಳಲ್ಲಿ ಎಷ್ಟೋ ಇಸ್ಪೀಟ್, ಮಟಕಾ ಕೇಸುಗಳು ಇದೇ ಕಾರಣಕ್ಕೆ ಬಿದ್ದುಹೋದವು. ಬಿದ್ದದ್ದು ಹೈಕೋರ್ಟಿನ ತನಕ ಹೋಗುವ ಶಕ್ತಿ ಇದ್ದವರ ಕೇಸು. ಕೂಲಿಯವನು ತಾಲ್ಲೂಕು ಕೋರ್ಟಿನಲ್ಲೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬರುತ್ತಾನೆ. ವಕೀಲರ ಫೀ, ಒಂದು ದಿನದ ಪಗಾರ, ಬಸ್ ಚಾರ್ಜು ಸೇರಿಸಿದರೆ ದಂಡಕ್ಕಿಂತ ಖರ್ಚೇ ಹೆಚ್ಚು.

ದೊಡ್ಡ ಬುಕ್ಕಿಗಳಿಗೆಂದು ಕಾನೂನು ಇಲ್ಲದಿಲ್ಲ. ನಾವು ಗೂಂಡಾ ಕಾಯ್ದೆ ಎನ್ನುವ 1985ರ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ಕಳ್ಳಭಟ್ಟಿಯವರು, ಮಾದಕ ವಸ್ತು ಮಾರುವವರ ಜೊತೆ ಜೂಜುಕೋರರೂ ಇದ್ದಾರೆ. ಹನ್ನೆರಡು ತಿಂಗಳ ತನಕ ಬಂಧನದಲ್ಲಿಡಬಹುದು. ಗಡಿಪಾರು ಇದೆ. ಆದರೆ ಗಡಿ ಎಂದರೆ ಚಡಚಣ ದಾಟಿದರೆ ಮಹಾರಾಷ್ಟ್ರ. ಮೊಬೈಲಿನಲ್ಲಿ ಅಂಕಿ ಬರೆಸಿಕೊಳ್ಳುವವನಿಗೆ ಸೊಲ್ಲಾಪುರವಾದರೇನು, ಜತ್ತಾದರೇನು?

ಲಾಟರಿಯ ಕತೆ ಇನ್ನೊಂದು ಬಗೆಯದು. ಸರ್ಕಾರವೇ ಲಾಟರಿ ನಡೆಸಿ, ಸರ್ಕಾರವೇ ಸಾಕೆಂದು 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ನಿಲ್ಲಿಸಿತು. ಬಸ್ ಸ್ಟ್ಯಾಂಡಿನ ಟಿಕೆಟ್ ಅಂಗಡಿಗಳು ಮುಚ್ಚಿದವು. ಅದು ಒಳ್ಳೆಯ ನಿರ್ಧಾರವೆಂದೇ ನನ್ನ ಅಭಿಪ್ರಾಯ. ದಿನಗೂಲಿಯ ಹಣ ಆ ಟಿಕೆಟಿಗೆ ಹೋಗುತ್ತಿದ್ದುದನ್ನು ಕಂಡವರು ಬೇರೆ ಮಾತಾಡಲಾರರು. ಅತ್ತ ಬೆಂಗಳೂರು, ಮೈಸೂರಿನ ಕುದುರೆ ಓಟಕ್ಕೆ ಮಾತ್ರ ಕಾಯ್ದೆಯ ವ್ಯಾಖ್ಯೆಯಲ್ಲೇ ವಿನಾಯಿತಿ ಉಂಟು.

ಕೊನೆಯ ಅಧ್ಯಾಯ ಮೊಬೈಲಿನದು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಅಕ್ಟೋಬರ್ 5ರಿಂದ ಜಾರಿ. ಕೌಶಲದ ಆಟಕ್ಕೆ ಹಣ ಕಟ್ಟಿದರೂ ಅಪರಾಧವೇ. ಲಾಟರಿ ಮತ್ತು ಕುದುರೆ ಓಟಕ್ಕೆ ಆಗಲೂ ಕೈ ಹಚ್ಚಲಿಲ್ಲ. 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನು ರದ್ದು ಮಾಡಿತು. ನಡುವಿನ ನಾಲ್ಕು ತಿಂಗಳಲ್ಲಿ ಪಂಚಮಿ ಬರಲಿಲ್ಲ, ಬಂದಿದ್ದರೆ ನಿಂಬೆಹಣ್ಣು ಒಗೆಯುವವನ ಪಣದ ಗತಿ ಏನಾಗುತ್ತಿತ್ತೋ.

2025ರಲ್ಲಿ ಕೇಂದ್ರವೇ ಇಳಿಯಿತು. ಆನ್‌ಲೈನ್ ಗೇಮಿಂಗ್ ಕಾಯ್ದೆ ಆಗಸ್ಟ್ 20ರಂದು ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಪಾಸಾಯಿತು, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೂರು ದಿನದ ಕೆಲಸ. ಹಣದ ಆಟ ಒದಗಿಸುವವನಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ; ಜಾಹೀರಾತು ಮಾಡಿದವನಿಗೆ ಎರಡು ವರ್ಷ, ಐವತ್ತು ಲಕ್ಷ. ಕೌಶಲ, ಅದೃಷ್ಟ ಎಂಬ ಭೇದವನ್ನೇ ಅದು ತೆಗೆದುಹಾಕಿತು. ಕಂಪನಿಯೊಂದು ಮೊದಲು ಬಾಗಿಲು ಬಡಿದದ್ದು ಕರ್ನಾಟಕ ಹೈಕೋರ್ಟಿನದು. ಆಮೇಲೆ ಎಲ್ಲ ಅರ್ಜಿಗಳನ್ನೂ ಸುಪ್ರೀಂ ಕೋರ್ಟ್ ತನ್ನತ್ತ ತರಿಸಿಕೊಂಡಿತು. ಆ ಕಾಯ್ದೆಯ ಸರಿತಪ್ಪುಗಳ ಬಗ್ಗೆ ವಾದ ನಡೆಯಲಿ. ನನ್ನ ಕಣ್ಣಿಗೆ ಬಿದ್ದದ್ದು ಅದರ ಇನ್ನೊಂದು ಗುಣ: ಆಡುವವನಿಗೆ ಅಲ್ಲಿ ಶಿಕ್ಷೆಯಿಲ್ಲ. ಮೋಸಹೋದವನು ಅವನು, ಮೋಸ ಮಾಡಿದವನನ್ನು ಹಿಡಿಯಿರಿ ಎಂಬ ಧೋರಣೆ ಅದರದು.

ಹಾಗಾಗಿ ಇಂದು ಒಂದೇ ಊರಿನಲ್ಲಿ ಎರಡು ನ್ಯಾಯ ನಡೆದಿದೆ. ಮುದ್ದೇಬಿಹಾಳದ ಹುಡುಗನೊಬ್ಬ ಮನೆಯಲ್ಲಿ ಮಲಗಿ ಮೊಬೈಲಿನಲ್ಲಿ ಲಕ್ಷ ಕಳೆದರೆ ಕೇಂದ್ರದ ಕಾಯ್ದೆ ಅವನನ್ನು ಬಲಿಪಶು ಎಂದು ನೋಡುತ್ತದೆ. ಅವನ ಅಪ್ಪ ಗಿಡದ ಕೆಳಗೆ ಇನ್ನೂರು ರೂಪಾಯಿ ಇಟ್ಟು ಅಂದರ್-ಬಾಹರ್ ಆಡಿದರೆ ರಾಜ್ಯದ ಕಾಯ್ದೆ ಅವನನ್ನು ಅಪರಾಧಿ ಎನ್ನುತ್ತದೆ. 1887ರ ಬೀದಿಯ ಕಲಂ ಹೆಸರು ಬದಲಿಸಿಕೊಂಡು 87 ಆಗಿದೆ, ಅಷ್ಟೇ. ವಿಧಾನಸಭೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ಕ್ಷೇತ್ರಗಳಿಂದ ಒಬ್ಬೊಬ್ಬ ಶಾಸಕರಿದ್ದಾರೆ. ಪೊಲೀಸ್ ಕಾಯ್ದೆಗೆ ಮುಂದಿನ ತಿದ್ದುಪಡಿ ಬಂದಾಗ 87ನೇ ಕಲಮಿನಿಂದ ಆಡುವವನನ್ನು ಬಿಡಿಸಿ, 78ನೇ ಕಲಮಿನ ಬುಕ್ಕಿಯ ಶಿಕ್ಷೆಯನ್ನು ಕೋರ್ಟಿನಲ್ಲಿ ನಿಲ್ಲುವ ಹಾಗೆ ಬರೆಸಿ ಎಂದು ಅವರನ್ನು ಕೇಳಬೇಕು. ಕೇಳಬೇಕಾದವರು ಮತದಾರರು.